ಕೊರೆವ ಚಳಿಯಲ್ಲಿ ಗಾಳದ ಪಂದ್ಯ

ಜನವರಿಯ ಒಂದು ಭಾನುವಾರ. ಇಂಗ್ಲೆಂಡಿನ ನಡುನಾಡಿನಲ್ಲಿ ಬೆಳಗಿನ ಎಂಟು ಗಂಟೆಯಾದರೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ ಕಾಲಿಟ್ಟರೆ ಚರಚರ ಎನ್ನುತ್ತದೆ. ಇಂಥ ಹೊತ್ತಿನಲ್ಲಿ ಹೊಲಗಳ ನಡುವಿನ ಪುಟ್ಟ ಕೆರೆಯೊಂದರ ಬಳಿ ಮೂವತ್ತು ನಲವತ್ತು ವಾಹನಗಳು ಬಂದು ನಿಲ್ಲುತ್ತವೆ. ಇಳಿದವರ ಮೈಮೇಲೆ ಮೂರು ನಾಲ್ಕು ಪದರ ಉಣ್ಣೆ, ಕೈಯಲ್ಲಿ ಬಿಸಿ ಚಹಾ. ಹಗ್ಗಕ್ಕೆ ಭಾರ ಕಟ್ಟಿ ನೀರಿಗೆಸೆದು, ಮೇಲೆ ಕಟ್ಟಿದ ಮಂಜಿನ ಪದರವನ್ನು ಒಡೆಯುವ ಕೆಲಸ ಒಂದು ಕಡೆ ನಡೆದಿರುತ್ತದೆ. ಇವರೆಲ್ಲ ಬಂದಿರುವುದು ಮೀನು ಹಿಡಿಯಲು. ಹಿಡಿದದ್ದನ್ನು ತೂಗಿ, ಒಂದನ್ನೂ ಮನೆಗೆ ಒಯ್ಯದೆ, ಮತ್ತೆ ನೀರಿಗೇ ಬಿಡಲು!

ಬ್ರಿಟನ್ನಿನಲ್ಲಿ ಈ ಆಟಕ್ಕೆ ಕೋರ್ಸ್ ಫಿಶಿಂಗ್ ಎಂದು ಹೆಸರು. ಕಾಲೇಜಿನ ಕೋರ್ಸಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಕೋರ್ಸ್ ಎಂದರೆ ಒರಟು. ಸಾಲ್ಮನ್, ಟ್ರೌಟ್ ಮೀನುಗಳು ಸಿರಿವಂತರ ಶಿಕಾರಿಗೆ ಸೇರಿದವು. ಉಳಿದ ಸಿಹಿನೀರಿನ ಮೀನುಗಳಾದ ಕಾರ್ಪ್, ರೋಚ್, ಬ್ರೀಮ್, ಪರ್ಚ್, ಟೆಂಚ್ ಮುಂತಾದವೆಲ್ಲ ಒರಟು ಜಾತಿಯವು ಎಂಬ ಹಳೆಯ ವಿಂಗಡಣೆ ಈ ಹೆಸರಿನ ಹಿಂದಿದೆ. ಹೆಸರಿನಲ್ಲೇ ಜಾತಿ, ಅಂತಸ್ತು ಅಂಟಿಕೊಂಡಿರುವುದು ನಮ್ಮಲ್ಲಿ ಮಾತ್ರವೇನೂ ಅಲ್ಲ. ಷೆಫೀಲ್ಡಿನ ಉಕ್ಕಿನ ಕಾರ್ಮಿಕರು, ಗಣಿಯಲ್ಲಿ ದುಡಿಯುವವರು ರಜೆಯ ದಿನ ರೈಲು ಹತ್ತಿ ಲಿಂಕನ್‌ಶೈರಿನ ನದಿ ಕಾಲುವೆಗಳ ದಂಡೆಗೆ ಹೋಗಿ, ಚಿಲ್ಲರೆ ಪಣವಿಟ್ಟು ಪಂದ್ಯ ಕಟ್ಟುತ್ತಿದ್ದ ಆಟ ಇದು. ಅವರ ಸಂಘಗಳೆಲ್ಲ ಸೇರಿ 1903ರಲ್ಲಿ ರಾಷ್ಟ್ರೀಯ ಒಕ್ಕೂಟವೊಂದು ಹುಟ್ಟಿತು. 1906ರಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆರಂಭವಾಯಿತು. ವಿಶ್ವ ಚಾಂಪಿಯನ್‌ಷಿಪ್ 1957ರಿಂದ ನಡೆದುಬಂದಿದೆ. ಯಾರ್ಕ್‌ಷೈರಿನ ಅಲನ್ ಸ್ಕಾಟ್‌ಹಾರ್ನ್ ಅದನ್ನು 1996, 1997, 1998, 2003 ಮತ್ತು 2007ರಲ್ಲಿ, ಹೀಗೆ ಐದು ಬಾರಿ ಗೆದ್ದವರು.

ನದಿಯಿಂದ ಹೊಲದ ಹೊಂಡಕ್ಕೆ

ಪಂದ್ಯಗಳು ನದಿಯನ್ನು ಬಿಟ್ಟು ಹೊಲದ ನಡುವಿನ ಹೊಂಡಗಳಿಗೆ ಬಂದ ಕಥೆ ಸ್ವಾರಸ್ಯದ್ದು. 1980ರ ದಶಕದಲ್ಲಿ ಅಲ್ಲಿನ ರೈತರಿಗೆ ಕಷ್ಟದ ದಿನಗಳು. 1984ರಲ್ಲಿ ಯುರೋಪಿನ ಸಮುದಾಯ ಹಾಲಿನ ಉತ್ಪಾದನೆಗೆ ಮಿತಿ ಹೇರಿತು. ಬೇರೆ ಆದಾಯ ಹುಡುಕುತ್ತಿದ್ದ ರೈತರಿಗೆ ಕಂಡದ್ದು ನೀರು ಇಂಗದ ಜೇಡಿಮಣ್ಣು. ಹೊಂಡ ತೋಡಿ, ಮೀನು ಬಿಟ್ಟು, ದಿನದ ಟಿಕೆಟ್ ಮಾರಿದರು. ಗಾಳ ಹಾಕಲು ಜನ ಬಂದರು. ಎರಡನೆಯ ಹೊಂಡ, ಮೂರನೆಯದು, ಪಕ್ಕದಲ್ಲೊಂದು ಕ್ಯಾಂಟೀನು. ವಾರಿಕ್‌ಷೈರಿನ ಟನೆಲ್ ಬಾರ್ನ್ ಫಾರ್ಮ್, ಕಾರ್ನ್‌ವಾಲಿನ ವೈಟ್ ಏಕರ್ಸ್ ಮುಂತಾದ ಹೆಸರುಗಳು ಇಂದು ಆ ನಾಡಿನ ಗಾಳಗಾರರಿಗೆ ನಮ್ಮವರಿಗೆ ಚಿನ್ನಸ್ವಾಮಿ ಕ್ರೀಡಾಂಗಣ ಇದ್ದಂತೆ. ಕೆಲವು ಹೊಂಡಗಳನ್ನು ಹಾವಿನಂತೆ ಉದ್ದಕ್ಕೆ, ಕಿರಿದಾಗಿ ತೋಡಿರುತ್ತಾರೆ. ಈ ದಡದಲ್ಲಿ ಕೂತವನ ಕೋಲು ಆ ದಡವನ್ನು ಮುಟ್ಟಬೇಕು ಎಂಬ ಲೆಕ್ಕ!

ಕಾನೂನೂ ನೆರವಾಯಿತು. ಮೀನು ಮರಿ ಮಾಡುವ ಕಾಲವೆಂದು ಮಾರ್ಚ್ 15ರಿಂದ ಜೂನ್ 15ರವರೆಗೆ ಗಾಳ ನಿಷೇಧಿಸುವ ನಿಯಮ ಬಂದದ್ದು 1878ರಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸಿನ ನದಿಗಳಿಗೆ ಅದು ಇಂದಿಗೂ ಅನ್ವಯಿಸುತ್ತದೆ. ನಿಂತ ನೀರಿನ ಬಹುಪಾಲು ಕೆರೆಗಳಿಗೆ ಮಾತ್ರ 1995ರಲ್ಲಿ ವಿನಾಯಿತಿ ಸಿಕ್ಕಿತು. ಅಲ್ಲಿಂದೀಚೆಗೆ ಹೊಂಡಗಳಲ್ಲಿ ವರ್ಷವಿಡೀ ಪಂದ್ಯ.

ಈ ಹೊಂಡಗಳ ಮುಖ್ಯ ಮೀನು ಕಾರ್ಪ್, ಅಂದರೆ ಕರ್ನಾಟಕದ ಕೆರೆಗಳಿಗೂ ಬಿತ್ತನೆಯಾಗುವ ಸಾಮಾನ್ಯ ಗೆಂಡೆ. ಚಳಿಗಾಲದ ನಾಯಕ ಮಾತ್ರ ಬೇರೆ. ಅದರ ಹೆಸರು ಎಫ್-1. ಜೀವಶಾಸ್ತ್ರ ಓದುವ ಮಕ್ಕಳಿಗೆ ಹೆಸರು ಕೇಳುತ್ತಲೇ ಮೆಂಡಲನ ಬಟಾಣಿ ನೆನಪಾದೀತು, ಸರಿಯಾಗಿಯೇ ನೆನಪಾಯಿತು. ಕಾರ್ಪನ್ನು ಅದರ ಹತ್ತಿರದ ಬಂಧುಗಳಾದ ಕ್ರೂಷಿಯನ್ ಅಥವಾ ಗೋಲ್ಡ್‌ಫಿಶ್ ಜೊತೆ ಅಡ್ಡತಳಿ ಮಾಡಿ ಪಡೆದ ಮೊದಲ ಪೀಳಿಗೆ ಇದು. ಅಪ್ಪಟ ಕಾರ್ಪ್ ಚಳಿಗೆ ಮುದುಡಿ ಬಾಯಿ ಮುಚ್ಚಿದಾಗಲೂ ಎಫ್-1 ಅಷ್ಟಿಷ್ಟು ಮೇಯುತ್ತಿರುತ್ತದೆ. ಹೊಂಡದ ಒಡೆಯರಿಗೆ ಅದರ ಮೇಲೆ ಪ್ರೀತಿ ಬಂದದ್ದು ಇದಕ್ಕೇ.

ಚೀಲದೊಳಗಿನ ಅದೃಷ್ಟ

ದಡದ ಸುತ್ತ ಕೂರುವ ಜಾಗಗಳಿಗೆ ಸಂಖ್ಯೆ ಹಾಕಿರುತ್ತಾರೆ. ಅದಕ್ಕೆ ಪೆಗ್ ಎಂದು ಹೆಸರು. ಪಂದ್ಯಕ್ಕೆ ಮುನ್ನ ಪ್ರತಿಯೊಬ್ಬನೂ ಚೀಲಕ್ಕೆ ಕೈಹಾಕಿ ಒಂದು ಸಂಖ್ಯೆ ಎತ್ತಬೇಕು. ಎತ್ತಿದ ಮೇಲೆ ಮುಗಿಯಿತು. ಐದು ಗಂಟೆ ಅಲ್ಲೇ ಕೂರಬೇಕು. ಚಳಿಗಾಲದಲ್ಲಿ ಈ ಚೀಟಿಯ ಮಹತ್ವ ಇಮ್ಮಡಿಯಾಗುತ್ತದೆ. ಬೇಸಿಗೆಯಲ್ಲಿ ಮೀನು ಕೆರೆಯ ತುಂಬ ಓಡಾಡಿಕೊಂಡಿರುತ್ತದೆ. ಚಳಿ ಬಿತ್ತೆಂದರೆ ಎಲ್ಲವೂ ಎಲ್ಲೋ ಒಂದು ಕಡೆ ಒತ್ತೊತ್ತಾಗಿ ಗುಂಪುಗೂಡುತ್ತವೆ. ಆ ಗುಂಪಿನ ಮುಂದಿನ ಪೆಗ್ ಸಿಕ್ಕವನಿಗೆ ಹಬ್ಬ. ಐವತ್ತು ಮಾರು ಆಚೆ ಕೂತವನಿಗೆ ಏಕಾದಶಿ.

ಹಾಗಾದರೆ ಇದು ಲಾಟರಿಯಲ್ಲವೆ ಎಂದು ಯಾರಾದರೂ ಕೇಳಬಹುದು. ಆ ಅನುಮಾನ ಆಟಗಾರರಿಗೂ ಇದ್ದೇ ಇದೆ. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಕೆರೆಯನ್ನು ವಿಭಾಗಗಳಾಗಿ ಒಡೆಯುವುದು. ಅಕ್ಕಪಕ್ಕದ ಐದಾರು ಪೆಗ್‌ಗಳು ಸೇರಿ ಒಂದು ವಿಭಾಗ, ಅದಕ್ಕೆ ಪ್ರತ್ಯೇಕ ಬಹುಮಾನ. ಕೆಟ್ಟ ಮೂಲೆಯಲ್ಲಿ ಕೂತವನು ಒಳ್ಳೆಯ ಮೂಲೆಯವನೊಡನೆ ಸೆಣಸಬೇಕಿಲ್ಲ; ತನ್ನಷ್ಟೇ ಕಷ್ಟದಲ್ಲಿರುವ ನೆರೆಯವನನ್ನು ಸೋಲಿಸಿದರೆ ಸಾಕು. ತಂಡಗಳ ಚಳಿಗಾಲದ ಲೀಗಿನಲ್ಲಿ ಈ ಲೆಕ್ಕ ಇನ್ನೂ ಬಿಗಿ. ಪ್ರತಿ ವಿಭಾಗಕ್ಕೂ ತಂಡದ ಒಬ್ಬೊಬ್ಬ. ಅಂಕ ಸಿಗುವುದು ತೂಕಕ್ಕಲ್ಲ, ವಿಭಾಗದಲ್ಲಿ ಗಳಿಸಿದ ಸ್ಥಾನಕ್ಕೆ. ಹೀಗಾಗಿ ಕಡೆಯ ಹತ್ತು ನಿಮಿಷದಲ್ಲಿ ಸಿಕ್ಕ ಬೆರಳುದ್ದದ ಒಂದು ರೋಚ್ ಮೀನು ಇಡೀ ತಂಡವನ್ನು ಎತ್ತಬಹುದು. ತೂಕ ಅಳೆಯುವುದು ಇಂದಿಗೂ ಪೌಂಡ್, ಔನ್ಸಿನಲ್ಲಿ. ಒಂದು ಔನ್ಸ್ ಎಂದರೆ ಸುಮಾರು 28 ಗ್ರಾಂ. ಅಷ್ಟರಲ್ಲೇ ಸೋತು ಮನೆಗೆ ಹೋದವರು ಪ್ರತಿ ಕ್ಲಬ್ಬಿನಲ್ಲೂ ಉಂಟು.

ನೀರಿನೊಳಗಿನ ಲೆಕ್ಕಾಚಾರ

ಮೀನು ಶೀತರಕ್ತದ ಪ್ರಾಣಿ. ನೀರು ತಣ್ಣಗಾದಂತೆ ಅದರ ದೇಹದ ವ್ಯಾಪಾರವೆಲ್ಲ ನಿಧಾನವಾಗುತ್ತದೆ. ಉಸಿರು, ಓಡಾಟ, ಜೀರ್ಣಶಕ್ತಿ ಎಲ್ಲವೂ. ಕಾರ್ಪ್ ಕುಲದ ಮೀನುಗಳಿಗೆ ಹೊಟ್ಟೆಯ ಚೀಲವೇ ಇಲ್ಲ. ತಿಂದದ್ದು ನೇರ ಕರುಳಿಗೆ. ಆದ್ದರಿಂದ ಒಮ್ಮೆಗೇ ತುಂಬಿಕೊಂಡು ಮಲಗುವ ಸುಖ ಅವಕ್ಕಿಲ್ಲ, ಚೂರುಚೂರೇ ಮೇಯಬೇಕು. ಬೇಸಿಗೆಯಲ್ಲಿ ಹಿಡಿಗಟ್ಟಲೆ ಕಾಳು, ಗುಳಿಗೆ ಎಸೆದು ಮೀನನ್ನು ಕರೆದಂತೆ ಜನವರಿಯಲ್ಲಿ ಎಸೆದರೆ ಪಂದ್ಯ ಅಲ್ಲಿಗೇ ಮುಗಿದಂತೆ. ಒಮ್ಮೆ ಎಸೆದದ್ದನ್ನು ಹಿಂದೆಗೆಯಲು ಬರುವುದಿಲ್ಲ. ಬಲ್ಲವರು ಎಣಿಸಿ ಹಾಕುತ್ತಾರೆ: ಆರು ಹುಳು, ಹತ್ತು ಹುಳು. ಅದನ್ನೂ ಕೋಲಿನ ತುದಿಗೆ ಸಿಕ್ಕಿಸಿದ ಬೆರಳತುದಿಯಷ್ಟು ಬಟ್ಟಲಿನಲ್ಲಿ ಒಯ್ದು, ಗಾಳದ ನೆತ್ತಿಯ ಮೇಲೇ ಸುರಿಯುತ್ತಾರೆ. ಇನ್ನಷ್ಟು ಹಾಕಲೇ, ತಡೆಯಲೇ ಎಂಬುದೇ ಐದು ಗಂಟೆಯ ಚಿಂತೆ. ಈ ಆಟದಲ್ಲಿ ಕೈಗಿಂತ ಹೆಚ್ಚು ದಣಿಯುವುದು ತಲೆ.

ಮೀನು ಎಲ್ಲಿದೆ ಎಂಬುದಕ್ಕೆ ಭೌತಶಾಸ್ತ್ರದ ಪಾಠ ನೆರವಿಗೆ ಬರುತ್ತದೆ. ನೀರು ಅತಿ ಹೆಚ್ಚು ಸಾಂದ್ರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣನೆಯ ನೀರು ಹಗುರವಾಗಿ ಮೇಲೆ ಉಳಿಯುತ್ತದೆ, ಮೇಲಿನಿಂದಲೇ ಹೆಪ್ಪುಗಟ್ಟುತ್ತದೆ. ಹಾಗಾಗಿ ಗಾಳಿಯಿಲ್ಲದ ಕೊರೆವ ದಿನ ಆಳದ ತಳವೇ ಬೆಚ್ಚಗಿನ ಜಾಗ. ಪಠ್ಯಪುಸ್ತಕದಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬರುವ ಈ ಸಂಗತಿಯನ್ನು ಗಾಳಗಾರ ದಾರಕ್ಕೆ ಗುಂಡು ಕಟ್ಟಿ, ಅಂಗುಲ ಅಂಗುಲವಾಗಿ ಆಳ ಅಳೆದು ಬಳಸಿಕೊಳ್ಳುತ್ತಾನೆ. ಆದರೆ ಈ ಹೊಂಡಗಳು ಬಹಳ ಆಳವಿರುವುದಿಲ್ಲ. ಜೋರು ಗಾಳಿ ಬೀಸಿದರೆ ಮೇಲಿನ ನೀರೂ ಕೆಳಗಿನ ನೀರೂ ಬೆರೆತು ಎಲ್ಲವೂ ಒಂದೇ ಚಳಿ. ಪೂರ್ವದ ಗಾಳಿ ಬೀಸಿದ ದಿನ ಆಟಗಾರರ ಮುಖ ಬಾಡುವುದು ಇದೇ ಕಾರಣಕ್ಕೆ.

ಇನ್ನೊಂದು ತೊಡಕು ನೀರಿನ ತಿಳಿ. ಬೇಸಿಗೆಯಲ್ಲಿ ಪಾಚಿ ಮತ್ತು ತಳದ ಮಣ್ಣು ಕೆದಕುವ ಕಾರ್ಪ್ ಸೇರಿ ಕೆರೆಯನ್ನು ಕದಡಿರುತ್ತವೆ. ಚಳಿಗೆ ಪಾಚಿ ಸಾಯುತ್ತದೆ, ಕಾರ್ಪ್ ಸುಮ್ಮನಾಗುತ್ತದೆ, ನೀರು ಗಾಜಿನಂತೆ ತಿಳಿಯಾಗುತ್ತದೆ. ಆಗ ಮೀನಿಗೆ ದಡದ ಮನುಷ್ಯನೂ ಕಾಣುತ್ತಾನೆ, ದಾರವೂ ಕಾಣುತ್ತದೆ. ದಾರ 0.10 ಮಿಲಿಮೀಟರಿನಷ್ಟು ತೆಳ್ಳಗಾಗಬೇಕು, ಗಾಳ ಅಕ್ಕಿಕಾಳಿನಷ್ಟಾಗಬೇಕು. ತಿಳಿನೀರನ್ನೇ ಲಾಭಕ್ಕೆ ತಿರುಗಿಸುವ ಉಪಾಯವೂ ಒಂದುಂಟು: ಬಿಳಿ ಬ್ರೆಡ್ಡನ್ನು ದುಂಡಗೆ ಕತ್ತರಿಸಿ, ಭಾರದ ಗುಂಡಿನೊಡನೆ ಕೆರೆಯ ನಡುವಿಗೆ ಎಸೆದು ಕಾಯುವುದು. ಬೇರೆ ಮೇವೇನನ್ನೂ ಹಾಕುವುದಿಲ್ಲ. ಬ್ರೆಡ್ಡು ಉಬ್ಬಿ ತಳದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಕೆಲ ನಿಮಿಷ ಕಾದು, ಬರದಿದ್ದರೆ ಬೇರೆ ಜಾಗಕ್ಕೆ ಎಸೆತ. ಮೀನನ್ನು ಕರೆಯುವ ಬದಲು ಮೀನನ್ನೇ ಹುಡುಕಿಕೊಂಡು ಹೋಗುವ ದಾರಿ ಇದು.

ಹೆಚ್ಚಿನವರ ಮುಖ್ಯ ಆಯುಧ ಮಾತ್ರ ಉದ್ದನೆಯ ಕೋಲು. ಕಾರ್ಬನ್ ನಾರಿನ ಈ ಕೋಲು 13ರಿಂದ 16 ಮೀಟರ್ ಉದ್ದ, ತೂಕ ಒಂದು ಕಿಲೋಗ್ರಾಂ ಆಸುಪಾಸು. ದಾರ ಸುತ್ತುವ ಗಾಲಿ ಇದರಲ್ಲಿಲ್ಲ. ತುದಿಯ ಟೊಳ್ಳಿನೊಳಗೆ ರಬ್ಬರಿನ ಎಳೆ, ಅದಕ್ಕೆ ದಾರ, ದಾರಕ್ಕೆ ಕಡ್ಡಿಯಂಥ ಸಣ್ಣ ಬೆಂಡು. ಮೀನು ಜಗ್ಗಿದರೆ ರಬ್ಬರು ಹಿಗ್ಗಿ ಆ ಎಳೆತವನ್ನು ನುಂಗುತ್ತದೆ. ತೆಳು ದಾರ ತುಂಡಾಗದೆ ಉಳಿಯುವುದು ಅದರಿಂದ. ನಾಲ್ಕೈದು ಅಂತಸ್ತಿನ ಮನೆಯಷ್ಟು ಉದ್ದದ ಕೋಲನ್ನು ಹಿಂದಕ್ಕೆ ಜಾರಿಸಿ, ತುಂಡು ಕಳಚಿ, ಮತ್ತೆ ಜೋಡಿಸುವ ಕೆಲಸ ಐದು ಗಂಟೆಯಲ್ಲಿ ಲೆಕ್ಕವಿಲ್ಲದಷ್ಟು ಸಲ, ಅದೂ ಮರಗಟ್ಟಿದ ಬೆರಳುಗಳಿಂದ.

ಈ ಕೋಲಿನ ಬಗ್ಗೆ ಹೊಸಬರಿಗೆ ಮೊದಲು ಹೇಳುವ ಪಾಠ ಮೀನಿನದ್ದಲ್ಲ, ವಿದ್ಯುತ್ತಿನದು. ಕಾರ್ಬನ್ ವಿದ್ಯುತ್ ವಾಹಕ. ತಲೆಯ ಮೇಲಿನ ತಂತಿಗೆ ಕೋಲು ತಗುಲಿ ಗಾಳಗಾರರು ಸತ್ತ ಪ್ರಕರಣಗಳಿವೆ. ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಕಿಡಿ ಹಾರಬಹುದು. ತಂತಿಯಿಂದ ಕನಿಷ್ಠ 30 ಮೀಟರ್ ದೂರವಿರಬೇಕು ಎಂಬುದು ಅಲ್ಲಿನ ನಿಯಮದಂಥ ಸಲಹೆ.

ಮಕ್ಕಳೂ ಖರ್ಚೂ

ಹದಿಮೂರು ವರ್ಷದೊಳಗಿನವರಿಗೆ ಅಲ್ಲಿ ಗಾಳದ ಲೈಸೆನ್ಸ್ ಬೇಕಿಲ್ಲ. 13ರಿಂದ 16ರವರಿಗೆ ಬೇಕು, ಆದರೆ 2017ರಿಂದ ಅದು ಉಚಿತ. ಮಕ್ಕಳನ್ನು ಪರದೆಯ ಮುಂದಿನಿಂದ ಎಬ್ಬಿಸಿ ನೀರಿನ ದಡಕ್ಕೆ ಕರೆತರುವುದು ಇದರ ಉದ್ದೇಶ. ಕಲಿಯಲು ಹೊಂಡಗಳು ನದಿಗಿಂತ ಅನುಕೂಲ: ಸೆಳೆತವಿಲ್ಲ, ಕೂರಲು ಹಲಗೆಯ ಕಟ್ಟೆ ಇದೆ, ಒಂದಾದರೂ ಮೀನು ಸಿಗುತ್ತದೆ. ಸಣ್ಣ ಕೋಲೊಂದು ಕಡಿಮೆ ಬೆಲೆಗೇ ದೊರೆಯುತ್ತದೆ. ಪಂದ್ಯದ ಹುಚ್ಚು ಹತ್ತಿತೋ, ಕಥೆ ಬೇರೆ. ಮೇಲ್ದರ್ಜೆಯ ಕೋಲಿನ ಬೆಲೆ ಸಾವಿರಾರು ಪೌಂಡ್; ಹಳೆಯ ಕಾರಿಗಿಂತ ಕಾರಿನೊಳಗಿನ ಕೋಲು ದುಬಾರಿ ಎಂಬುದು ಹಲವು ಮನೆಗಳ ಮಾತು. ಪ್ರವೇಶ ಹಣವನ್ನೇ ಕೂಡಿಸಿ ಗೆದ್ದವರಿಗೆ ಹಂಚುವ ಪದ್ಧತಿ ಇರುವುದರಿಂದ, ಎಳೆಯರು ಹಣದ ಪಣಕ್ಕೆ ಒಗ್ಗಿಕೊಳ್ಳುತ್ತಾರೆಂಬ ಹಿಂಜರಿಕೆ ತಂದೆ ತಾಯಿಗಳಲ್ಲಿ ಇದ್ದರೆ ಅದನ್ನು ತಪ್ಪೆನ್ನಲಾಗದು.

ಅದಕ್ಕಿಂತ ದೊಡ್ಡ ಪ್ರಶ್ನೆ ಮೀನಿನದು. ತಿನ್ನುವುದಕ್ಕಲ್ಲದೆ ಬರಿಯ ಆಟಕ್ಕೆ ಒಂದು ಜೀವವನ್ನು ಗಾಳಕ್ಕೆ ಸಿಕ್ಕಿಸುವುದು ಸರಿಯೆ? 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯಲ್ಲಿ ಟ್ರೌಟ್ ಮೀನುಗಳ ತುಟಿಗೆ ಜೇನುವಿಷ ಮತ್ತು ಹುಳಿ ಆಮ್ಲ ಚುಚ್ಚಿ ನೋಡಿದರು. ಮೀನುಗಳು ಬಹಳ ಹೊತ್ತು ಮೇವು ಮುಟ್ಟಲಿಲ್ಲ. ಆಮ್ಲ ತಗುಲಿದವು ತುಟಿಯನ್ನು ತಳದ ಕಲ್ಲುಗಳಿಗೆ ಉಜ್ಜಿಕೊಂಡವು. ಮೀನಿಗೂ ನೋವಿದೆ ಎಂದರು ಅವರು. ನೋವನ್ನು ಅರಿಯುವ ಮೆದುಳಿನ ಭಾಗವೇ ಮೀನಿಗಿಲ್ಲ ಎಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಚರ್ಚೆ ಮುಗಿದಿಲ್ಲ. ಹೊಂಡಗಳಲ್ಲಿ ಮುಳ್ಳಿಲ್ಲದ ಗಾಳ, ಕೈಬಲೆಯ ಕಡ್ಡಾಯ, ಒಂದು ಬಲೆಚೀಲದಲ್ಲಿ ಇಷ್ಟೇ ತೂಕ ಎಂಬ ನಿಯಮಗಳಿವೆ. ಆದರೂ ವಾರಕ್ಕೆ ಹಲವು ಪಂದ್ಯ ನಡೆಯುವ ಕೆರೆಯಲ್ಲಿ ಅದೇ ಮೀನು ಮತ್ತೆ ಮತ್ತೆ ಸಿಕ್ಕಿ ಬಾಯಿ ಗಾಯಗೊಂಡಿರುವುದು ಕಾಣದ ಸಂಗತಿಯೇನಲ್ಲ.

ಗಾಳಗಾರರ ಪರವಾಗಿ ಹೇಳಬಹುದಾದ ಒಂದು ಮಾತು ನಮ್ಮ ಕಾವೇರಿಯಿಂದಲೇ ಸಿಗುತ್ತದೆ. 1970ರ ದಶಕದ ಕೊನೆಗೆ ಬ್ರಿಟಿಷ್ ಗಾಳಗಾರರ ತಂಡವೊಂದು ಇಲ್ಲಿನ ಮಹಸೀರ್ ಮೀನನ್ನು ಹುಡುಕಿ ಬಂದಿತ್ತು. ಮುಂದೆ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಹಿಡಿದು ಬಿಡುವ ಶಿಬಿರಗಳು ಬಂದವು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದ ಮೀನುಗಳ ದಾಖಲೆಯನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ಡುಬ್ಬದ ಮಹಸೀರ್ ಅಳಿವಿನತ್ತ ಸಾಗಿರುವುದು ಬಯಲಾಯಿತು. 2018ರಲ್ಲಿ ಆ ಮೀನು ಟಾರ್ ರೆಮಾದೇವಿ ಎಂಬ ಪ್ರಭೇದಕ್ಕೆ ಸೇರಿದ್ದೆಂದು ನಿರ್ಧಾರವಾಯಿತು. ಹವ್ಯಾಸಿಗಳು ಬರೆದಿಟ್ಟ ತೂಕದ ಲೆಕ್ಕವಿಲ್ಲದಿದ್ದರೆ ಅದರ ಅವನತಿ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ.

ಇಂಗ್ಲೆಂಡಿನ ಹೊಂಡಗಳಲ್ಲಿ ಮಧ್ಯಾಹ್ನ ಮೂರಕ್ಕೆ ಸೀಟಿ ಊದುತ್ತಾರೆ. ಡಿಸೆಂಬರಿನಲ್ಲಾದರೆ ಇನ್ನೊಂದು ಗಂಟೆಗೆ ಕತ್ತಲೆ. ತಕ್ಕಡಿ ಹೊತ್ತವರು ಪೆಗ್‌ನಿಂದ ಪೆಗ್‌ಗೆ ನಡೆದು, ತೂಗಿ, ಬರೆದು, ಮೀನನ್ನು ನೀರಿಗೆ ಬಿಡುತ್ತಾರೆ. ಬೇಸಿಗೆಯಲ್ಲಿ ನೂರು ಪೌಂಡ್ ದಾಟಿದರೂ ಗೆಲುವಿನ ಖಾತ್ರಿಯಿಲ್ಲದ ಕೆರೆಯಲ್ಲಿ ಈಗ ಇಪ್ಪತ್ತಕ್ಕೆ ಮೊದಲ ಸ್ಥಾನ ಸಿಗಬಹುದು. ಹಿಮ ಬಿದ್ದ ದಿನ ಅದಕ್ಕೂ ಕಡಿಮೆ. ಮಾರ್ಚ್ ನಡುವಿಗೆ ನದಿಗಳ ಬಾಗಿಲು ಮುಚ್ಚುತ್ತದೆ. ಅಷ್ಟರಲ್ಲಿ ಹೊಂಡದ ನೀರು ಒಂದೆರಡು ಡಿಗ್ರಿ ಬೆಚ್ಚಗಾಗಿ, ನಡುಗೆರೆಯಲ್ಲಿ ಒತ್ತಿಕೊಂಡಿದ್ದ ಮೀನು ಒಂದೊಂದೇ ದಡದ ಕಡೆ ಹೊರಳುತ್ತದೆ. ತೆಳು ದಾರದ ಪೆಟ್ಟಿಗೆಗಳು ಒಳಗೆ ಸೇರಿ, ದಪ್ಪ ದಾರದವು ಹೊರಬರುತ್ತವೆ.