ಗೇರ್ ಪೆಟ್ಟಿಗೆಯ ಕೆಂಪು ತೈಲ

ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಬೆಳಗಾವಿ ಜಿಲ್ಲೆಯ ಶೇಡಬಾಳದ ಸುತ್ತಣ ದಾರಿಗಳಲ್ಲಿ ಕಾರ್ಖಾನೆಯತ್ತ ಸಾಗುವ ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳು ಅಡಗುವುದೇ ಇಲ್ಲ. ಆ ಧೂಳಿಗೂ, ಅಂಗಳದಲ್ಲಿ ನಿಂತ ಆಟೋಮ್ಯಾಟಿಕ್ ಕಾರಿನಡಿಯಲ್ಲಿ ಒಂದು ಮುಂಜಾನೆ ಕಾಣಿಸಿಕೊಳ್ಳುವ ಕೆಂಪು ಕಲೆಗೂ ಸಂಬಂಧವುಂಟು.

ಆ ಕಲೆ ಸಾಮಾನ್ಯವಾದ ಕೀಲೆಣ್ಣೆಯದಲ್ಲ. ಎಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರಿನ ಮೂಲಕ ಗೇರುಗಳಿಗೆ ಒಯ್ಯುವುದೂ, ಒತ್ತಡದಿಂದ ಕ್ಲಚ್ಚಿನ ಬಿಲ್ಲೆಗಳನ್ನು ಬಿಗಿಹಿಡಿಯುವುದೂ, ಘರ್ಷಣೆಯಿಂದ ಜನಿಸಿದ ಉಷ್ಣವನ್ನು ಹೊತ್ತು ಹೊರಹಾಕುವುದೂ ಈ ಒಂದೇ ದ್ರವದ ಕಾರ್ಯವಾದುದರಿಂದ, ಅದು ಕಡಮೆಯಾದೊಡನೆ ಗೇರು ತಡವಾಗಿ ಹಿಡಿಯತೊಡಗಿ, ಕ್ಲಚ್ಚುಗಳು ಜಾರಿ, ಕಡೆಗೆ ಸುಟ್ಟುಹೋಗುತ್ತವೆ. ದ್ರವದ ಮೂಲಕ ಶಕ್ತಿಯನ್ನು ಸಾಗಿಸುವ ಈ ವಿದ್ಯೆಯನ್ನು 1905ರಲ್ಲಿ ಜರ್ಮನಿಯ ಹೆರ್ಮಾನ್ ಫ್ಯೋಟಿಂಗರ್ ರೂಪಿಸಿದ್ದು ಹಡಗುಗಳಿಗಾಗಿ. ನೆರೆಯ ಉಗಾರದ ಸಕ್ಕರೆ ಕಾರ್ಖಾನೆಯ ಸಂಸ್ಥೆ ಹುಟ್ಟಿದ 1939ರಲ್ಲಿಯೇ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯು ಹೈಡ್ರಾ-ಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರ್ ಪೆಟ್ಟಿಗೆಯನ್ನು ಕಾರಿಗೆ ಅಳವಡಿಸಿತು.

ಆ ಕಾಲದ ತೈಲದಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಯುತ್ತಿತ್ತು. ತೈಲವನ್ನು ತಡೆಯುವ ಸೀಲುಗಳು ಮೊದಮೊದಲು ಚರ್ಮದವಾಗಿದ್ದವು. 1970ರ ದಶಕದ ಆದಿಯಲ್ಲಿ ಅಮೆರಿಕವು ತಿಮಿಂಗಿಲದ ಎಣ್ಣೆಯನ್ನು ನಿಷೇಧಿಸಿದ ಬಳಿಕ ರಸಾಯನವಿಜ್ಞಾನವು ಅದರ ಸ್ಥಾನವನ್ನು ತುಂಬಿತು. ಚರ್ಮದ ಸ್ಥಾನಕ್ಕೆ ಕೃತಕ ರಬ್ಬರು ಅದಕ್ಕೂ ಮುಂಚೆಯೇ ಬಂದಿತ್ತು. ಅಹಿಂಸೆಯನ್ನು ಸಾರಿದ ಜೈನ ಆಚಾರ್ಯ ವಿದ್ಯಾನಂದ ಮುನಿಗಳು ಜನ್ಮತಳೆದ ಈ ಶೇಡಬಾಳದಲ್ಲಿ ಕುಳಿತು ಇದನ್ನು ಬರೆಯುವಾಗ, ಈ ಬದಲಾವಣೆಯನ್ನು ಯಂತ್ರಶಾಸ್ತ್ರದ ದೊಡ್ಡ ಪುಣ್ಯಕಾರ್ಯಗಳಲ್ಲಿ ಒಂದೆಂದು ಎಣಿಸಲು ನನಗೆ ಸಂಕೋಚವಿಲ್ಲ.

ಸೋರಿಕೆಯನ್ನು ಕಂಡವರು ಮೊದಲು ಮಾಡಬೇಕಾದುದು ಸೀಲು ಕೊಳ್ಳುವುದಲ್ಲ, ಸೋರುವ ಸ್ಥಾನವನ್ನು ಅರಿಯುವುದು. ಚಲಿಸುವಾಗ ಗಾಳಿಯು ತೈಲವನ್ನು ಹಿಂದಕ್ಕೆ ಎಳೆದೊಯ್ಯುವುದರಿಂದ, ಹನಿ ಬಿದ್ದ ಸ್ಥಳ ಒಂದು, ಸೋರುವ ಸ್ಥಳ ಇನ್ನೊಂದು. ಎಂಜಿನ್ ತಣಿದ ಮೇಲೆ ಗಾಲಿಗಳಿಗೆ ಅಡೆಕೊಟ್ಟು, ಕಾರನ್ನು ಸಮನಾದ ಗಟ್ಟಿನೆಲದಲ್ಲಿ ಎತ್ತಿ, ಜಾಕನ್ನು ಮಾತ್ರ ನಂಬದೆ ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಪೆಟ್ಟಿಗೆಯ ಹೊರಮೈಯನ್ನು ಪೂರ್ಣವಾಗಿ ತೊಳೆದು ಒರಸಬೇಕು. ಸ್ವಲ್ಪ ದೂರ ಓಡಿಸಿ ಬಂದು ನೋಡಿದಾಗ ಎಲ್ಲಕ್ಕಿಂತ ಮೇಲೆ ಒದ್ದೆಯಾಗಿರುವ ಜಾಗವೇ ಮೂಲ.

ಇಲ್ಲಿ ಧೂಳಿನ ಮಾತು ಬರುತ್ತದೆ. ಬಿಸಿಯಾಗಿ ಹಿಗ್ಗುವ ಗಾಳಿ ಹೊರಹೋಗಲೆಂದು ಪೆಟ್ಟಿಗೆಯ ನೆತ್ತಿಯಲ್ಲಿ ಬ್ರೀದರ್ ಎಂಬ ಚಿಕ್ಕ ರಂಧ್ರವಿರುತ್ತದೆ. ಧೂಳೂ ಕೆಸರೂ ಅದನ್ನು ಮುಚ್ಚಿದರೆ ಒಳಗಿನ ಒತ್ತಡವೇರಿ, ನಿರ್ದೋಷಿಯಾದ ಸೀಲಿನ ಅಂಚಿನಿಂದಲೂ ತೈಲ ಹೊರಬರುತ್ತದೆ. ಅದನ್ನು ಶುಚಿಗೊಳಿಸದೆ ಸೀಲನ್ನು ಎಷ್ಟು ಬಾರಿ ಬದಲಿಸಿದರೂ ಫಲವಿಲ್ಲ. ಅದೇ ಧೂಳು ಸೀಲಿನ ಮೂಲಕ ಹಾಯುವ ದಂಡಕ್ಕೆ (ಶಾಫ್ಟಿಗೆ) ಅಂಟಿ ತಿರುಗುತ್ತ ರಬ್ಬರಿನ ಅಂಚನ್ನು ಸವೆಸುತ್ತದೆ. ಟ್ರ್ಯಾಕ್ಟರಿನ ಹಿಂದಣ ಆ್ಯಕ್ಸಲ್ ಸೋರುವುದಕ್ಕೂ ಎಷ್ಟೋ ವೇಳೆ ಇವೇ ಕಾರಣಗಳು.

ಕೆಳಗಿನ ಪ್ಯಾನಿನ ಗ್ಯಾಸ್ಕೆಟ್ಟನ್ನು ಮನೆಯಲ್ಲೇ ಬದಲಿಸಬಹುದು. ಆದರೆ ಸೋರಿಕೆ ನಿಲ್ಲಲೆಂದು ಬೋಲ್ಟುಗಳನ್ನು ಬಲವಾಗಿ ತಿರುಚಿದರೆ ತೆಳುವಾದ ಪ್ಯಾನಿನ ಅಂಚು ಡೊಂಕಾಗಿ ಸೋರಿಕೆ ಹೆಚ್ಚುವುದು; ಟಾರ್ಕ್ ರೆಂಚಿನಿಂದ, ಸಾಮಾನ್ಯವಾಗಿ 10 ನ್ಯೂಟನ್-ಮೀಟರಿನ ಆಸುಪಾಸಿನ ತಿರುಚುಬಲದಿಂದ, ಎದುರುಬದುರಾಗಿ ಬಿಗಿಯುವುದೇ ಕ್ರಮ. ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವಿನಿಂದ ಕೆಂಪುತೈಲ ಇಳಿಯುತ್ತಿದ್ದರೆ ಪೆಟ್ಟಿಗೆಯನ್ನೇ ಕಳಚಬೇಕಾದೀತು. ಆ ಕೆಲಸ ಗ್ಯಾರೇಜಿನದು. ಸೀಲನ್ನು ಮೆದುಗೊಳಿಸುವ ದ್ರಾವಣಗಳನ್ನು ಸುರಿಯುವುದು ತಾತ್ಕಾಲಿಕ ಉಪಾಯವಷ್ಟೇ. ಎಲ್ಲ ಆಟೋಮ್ಯಾಟಿಕ್ ಕಾರುಗಳೂ ಒಂದೇ ಬಗೆಯವಲ್ಲ; 2014ರಲ್ಲಿ ಮಾರುತಿ ಸೆಲೆರಿಯೋ ಕಾರಿನೊಂದಿಗೆ ನಮ್ಮ ದೇಶಕ್ಕೆ ಬಂದ ಎಎಂಟಿ (ಸ್ವಯಂಚಾಲಿತಗೊಳಿಸಿದ ಮ್ಯಾನುವಲ್ ಗೇರ್ ಪೆಟ್ಟಿಗೆ) ಬಗೆಯಲ್ಲಿ ಟಾರ್ಕ್ ಕನ್ವರ್ಟರೇ ಇಲ್ಲದಿರುವುದರಿಂದ, ಯಾವ ತೈಲವನ್ನು ಎಷ್ಟು ಹಾಕಬೇಕೆಂಬುದನ್ನು ಕಾರಿನ ಕೈಪಿಡಿಯಲ್ಲಿಯೇ ನೋಡಿಕೊಳ್ಳಬೇಕು.

ಇಳಿಸಿದ ಹಳೆಯ ತೈಲವನ್ನು ಮಾತ್ರ ದಯವಿಟ್ಟು ಹೊಲದ ಬದುವಿಗೋ ಕಾಲುವೆಗೋ ಚೆಲ್ಲದಿರಿ. ಮುಚ್ಚಳವುಳ್ಳ ಡಬ್ಬಿಯಲ್ಲಿ ತುಂಬಿಟ್ಟು, ಹಳೆ ತೈಲವನ್ನು ಶುದ್ಧೀಕರಣಕ್ಕೆ ಕಳಿಸುವ ಗ್ಯಾರೇಜಿಗೆ ಒಪ್ಪಿಸಿರಿ. ನಮ್ಮ ಬಾವಿಗಳ ನೀರೂ ಕೃಷ್ಣೆಯ ನೀರೂ ಇದೇ ನೆಲದಲ್ಲಿ ಇಂಗಿ ಹರಿಯುವವು.