ಡ್ರೈವರಿನ ಆರಂಭದಲ್ಲಿ ಒದಗುವ ಒಂದು ದೋಷ

ಕಂಪ್ಯೂಟರಿಗೆ ಜೋಡಿಸಿದ ಮುದ್ರಣಯಂತ್ರವಾಗಲಿ ಕ್ಯಾಮರಾವಾಗಲಿ ನಡೆಯದಿದ್ದರೆ, ಅದು ಕೆಟ್ಟುಹೋಯಿತೆಂದು ಮೂಲೆಗೆ ಇಡುವದು ವಾಡಿಕೆಯಾಗಿದೆ. ಕೆಲವು ವೇಳೆ ಉಪಕರಣದಲ್ಲಿ ಯಾವ ಲೋಪವೂ ಇರುವದಿಲ್ಲ. ಅದನ್ನು ನಡೆಯಿಸುವ ಬರಹದಲ್ಲಿ ಒಂದೇ ಚಿಹ್ನೆ ತಪ್ಪಿರುತ್ತದೆ. ದುಡ್ಡು ಕೊಟ್ಟು ಹೊಸದನ್ನು ತರುವ ಪೋಷಕರು ಇದನ್ನು ತಿಳಿದಿರುವದು ಒಳ್ಳೆಯದು.

ಕಂಪ್ಯೂಟರಿಗೂ ಉಪಕರಣಕ್ಕೂ ನಡುವೆ ದುಭಾಷಿಯಂತಿರುವ ಆ ಬರಹಕ್ಕೆ ಡ್ರೈವರ್ ಎಂದು ಹೆಸರು. ಲಿನಸ್ ಟೋರ್ವಾಲ್ಡ್ಸ್ ಎಂಬವರು 1991ರಲ್ಲಿ ಆರಂಭಿಸಿದ ಲಿನಕ್ಸಿನಲ್ಲಿ, ಉಪಕರಣವು ಕಂಡುಬಂದೊಡನೆ ಡ್ರೈವರಿನ 'ಪ್ರೋಬ್' ಎಂಬ ಭಾಗವು ನಡೆಯುತ್ತದೆ. ಅದು ಮೆಮರಿಯಲ್ಲಿ ಸ್ಥಳವನ್ನು ಬೇಡುತ್ತದೆ. ಉಪಕರಣದ ಕರೆಗೆ ಕಿವಿಗೊಡುವ ಏರ್ಪಾಡನ್ನು ಬೇಡುತ್ತದೆ. ಹೆಜ್ಜೆಹೆಜ್ಜೆಗೂ ಉತ್ತರವನ್ನು ನೋಡಿ ಮುಂದುವರಿಯುತ್ತದೆ. ತೊಡಕಿರುವದು ಈ ಉತ್ತರಗಳಲ್ಲಿಯೇ. ಸ್ಥಳವನ್ನು ಬೇಡಿದಾಗ ಸೊನ್ನೆ ಬಂದರೆ ಸ್ಥಳವು ದೊರೆಯಲಿಲ್ಲವೆಂದರ್ಥ. ಕಿವಿಗೊಡುವ ಏರ್ಪಾಡನ್ನು ಬೇಡಿದಾಗ ಸೊನ್ನೆ ಬಂದರೆ ಕಾರ್ಯವು ಸಫಲವಾಯಿತೆಂದರ್ಥ!

ನಮ್ಮ ಮದಗ-ಮಾಸೂರು ಕೆರೆಯ ನೀರನ್ನು ಬಿಡುವವನು "ಕಾಲುವೆ ಸರಿಯಾಗಿದೆಯೋ?" ಎಂದು ಕೇಳಿ "ಇಲ್ಲ" ಎಂಬ ಉತ್ತರವನ್ನು ಪಡೆದರೆ ತೂಬನ್ನು ತೆರೆಯಲಾರನು. "ಕಾಲುವೆಯಲ್ಲಿ ಅಡ್ಡಿಯೇನಾದರೂ ಇದೆಯೋ?" ಎಂದು ಕೇಳಿ ಅದೇ "ಇಲ್ಲ" ಬಂದರೆ ನಿಶ್ಚಿಂತೆಯಿಂದ ತೆರೆಯುವನು. ಲಿನಕ್ಸಿನ ಬರವಣಿಗೆಯ ನಿಯಮಾವಳಿಯೂ ಇದನ್ನೇ ವಿಧಿಸುತ್ತದೆ: ಹೆಸರು ಆಜ್ಞೆಯಂತಿದ್ದರೆ ಸೊನ್ನೆಯೇ ಜಯ, ಹೌದು-ಅಲ್ಲವೆಂಬ ಪ್ರಶ್ನೆಯಂತಿದ್ದರೆ ಒಂದು ಜಯ.

ಬರೆದವರು ಏರ್ಪಾಡಿನ ಸೊನ್ನೆಯನ್ನು ಸೋಲೆಂದು ಎಣಿಸಿದರೆ, ಎಲ್ಲವೂ ನೆಟ್ಟಗಿರುವಾಗಲೇ ಡ್ರೈವರು ಪಡೆದುದನ್ನೆಲ್ಲಾ ಬಿಟ್ಟುಕೊಟ್ಟು ಹಿಂದೆ ಸರಿಯುವದು. ಹೀಗೆ ಸರಿಯುವಾಗಲೂ ಅದೇ ಸೊನ್ನೆಯನ್ನು ಮರಳಿಸಿದರೆ, ಮೇಲಿನ ವ್ಯವಸ್ಥೆಯು ಉಪಕರಣವು ಸಿದ್ಧವಾಯಿತೆಂದೇ ನಂಬುವದು. ಆದಕಾರಣ ದಾಖಲೆಯಲ್ಲಿ ದೂರಿನ ಒಂದು ಸಾಲೂ ಸಿಕ್ಕುವದಿಲ್ಲ. ಯಂತ್ರವು ಸತ್ತಿತೆಂಬ ತೀರ್ಪು ಹುಟ್ಟುವದು ಇಂಥಲ್ಲಿಯೇ. ನಿಜವಾದ ಸೋಲು ಬಂದಾಗಲಾದರೋ ಡ್ರೈವರು ಗೆದ್ದೆನೆಂದು ಮುಂದೆ ನಡೆಯುವದು. ಇದು ಇನ್ನೂ ಕೆಟ್ಟದ್ದು.

ಪರಿಹಾರವು ಅತ್ಯಲ್ಪ: ಆ ಸಾಲಿನಲ್ಲಿ 'ಅಲ್ಲ' ಎಂದು ಸೂಚಿಸುವ ಆಶ್ಚರ್ಯಚಿಹ್ನೆಯನ್ನು ಅಳಿಸಬೇಕು. ಶ್ರಮವಿರುವದು ಹುಡುಕುವದರಲ್ಲಿ. ಪ್ರತಿ ಹೆಜ್ಜೆಯ ಉತ್ತರವನ್ನು ದಾಖಲೆಗೆ ಬರೆಯಿಸಿ, ಎಲ್ಲಿಯವರೆಗೆ ನಡೆದು ನಿಂತಿತೆಂದು ನೋಡತಕ್ಕದ್ದು. ಋಣ 12 ಎಂದಿದ್ದರೆ ಮೆಮರಿ ಸಾಲದು. ಋಣ 16 ಎಂದಿದ್ದರೆ ಬೇಡಿದ ವಸ್ತು ಬೇರೊಬ್ಬರ ಕೈಯಲ್ಲಿದೆ. ಸೊನ್ನೆ ಬಂದ ಮೇಲೂ ಹಿಂದೆ ಸರಿದಿದ್ದರೆ ಆ ಪ್ರಶ್ನೆಯನ್ನೇ ಸಂಶಯಿಸಬೇಕು. ತಿದ್ದಿದ ಮೇಲೆ ಬೇಕೆಂದೇ ಒಂದೊಂದು ಹೆಜ್ಜೆಯನ್ನು ಸೋಲಿಸಿ, ಪಡೆದುದೆಲ್ಲವೂ ಹಿಮ್ಮುಖವಾದ ಕ್ರಮದಲ್ಲಿ ಮರಳುವದೋ ಎಂದು ಪರೀಕ್ಷಿಸಬೇಕು. ಇದನ್ನು ಅನೇಕರು ಮರೆಯುತ್ತಾರೆ.

ಲಿನಕ್ಸಿನ ಬರಹವು ಸರ್ವರಿಗೂ ತೆರೆದಿರುವದರಿಂದ ಮಾಸೂರಿನ ಹುಡುಗಿಯೂ ತಿದ್ದುಪಡಿಯನ್ನು ಕಳುಹಬಹುದು. ಯಾವ ಹಿಂದಿನ ಬದಲಾವಣೆಯಿಂದ ದೋಷವು ಹುಟ್ಟಿತೆಂಬದನ್ನು ಅದರ ಗುರುತಿನ ಮೊದಲ 12 ಅಕ್ಷರಗಳೊಡನೆ ನಮೂದಿಸುವದು ಅಲ್ಲಿಯ ಪದ್ಧತಿ. ಹಳೆಯ ಆವೃತ್ತಿಗಳನ್ನು ಕಾಯುವವರು ಅದನ್ನು ನೋಡಿ ತಮ್ಮಲ್ಲಿಯೂ ತಿದ್ದಿಕೊಳ್ಳುತ್ತಾರೆ.