ಜೀಪು ಯಾಕೆ ಕುದಿಯುತ್ತೆ?

ಅಕ್ಕಂದಿರೇ, ಮಲೆನಾಡಿನಲ್ಲಿ, ಕೊಡಗಿನಲ್ಲಿ ಹಳೇ ಜೀಪು ನೋಡದವರು ಯಾರಿದ್ದಾರೆ? ಕಾಫಿ ಮೂಟೆ, ಗೊಬ್ಬರ, ಸೌದೆ ಎಲ್ಲಕ್ಕೂ ಜೀಪೇ ಬೇಕು. ಹಿಂದೆ ಒಂದು ಟ್ರೇಲರ್ ಕಟ್ಟಿದರೆ ಎರಡು ಸಲದ ಕೆಲಸ ಒಂದೇ ಸಲಕ್ಕೆ ಮುಗಿಯುತ್ತೆ. ಆದರೆ ಅರ್ಧ ಏರು ಹತ್ತುವಾಗ ಮುಂದಿನಿಂದ ಬುಸ್ಸೆಂದು ಹಬೆ ಬರುತ್ತೆ. "ಜೀಪು ಕುದೀತು" ಅಂತ ಎಲ್ಲರೂ ಇಳಿಯುತ್ತಾರೆ.

ಇದು ಗಂಡಸರ ವಿಷಯ, ನಮಗೇಕೆ ಅನ್ನಬೇಡಿ. ಸಾಲ ಮಾಡಿ ಜೀಪು ಕೊಂಡ ಮನೆಗಳಿವೆ. ಎಂಜಿನ್ ಸುಟ್ಟರೆ ದುಡಿಮೆ ಹೋಗುತ್ತೆ, ಸಾಲ ಉಳಿಯುತ್ತೆ. ಅವಸರದಲ್ಲಿ ಮುಚ್ಚಳ ತೆಗೆದರೆ ಮುಖ, ಕೈ ಬೇಯುತ್ತೆ. ಅದಕ್ಕೇ ನಾವೂ ತಿಳಿಯೋಣ.

ಬಿಸಿ ಎಲ್ಲಿಂದ ಬರುತ್ತೆ?

ಎಂಜಿನ್ ಒಳಗೆ ಎಣ್ಣೆ ಉರಿಯುತ್ತೆ. ಆ ಉರಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಗಾಡಿ ಎಳೆಯುತ್ತೆ. ಉಳಿದದ್ದು ಬರೀ ಬಿಸಿ. ಕೆಲವು ಭಾಗ ಹೊಗೆಯ ಜೊತೆ ಹೋಗುತ್ತೆ. ಇನ್ನಷ್ಟನ್ನು ನೀರು ಹೊರಗೆ ಸಾಗಿಸಬೇಕು.

ಪಂಪು ನೀರನ್ನು ಎಂಜಿನ್ ಸುತ್ತ ತಿರುಗಿಸುತ್ತೆ. ಬಿಸಿ ನೀರು ಮುಂದಿನ ರೇಡಿಯೇಟರಿಗೆ ಬರುತ್ತೆ. ಅಲ್ಲಿ ಸಣ್ಣ ಸಣ್ಣ ಕೊಳವೆಗಳಿವೆ. ಫ್ಯಾನು ಗಾಳಿ ಎಳೆಯುತ್ತೆ. ನೀರು ತಣಿದು ಮತ್ತೆ ಒಳಗೆ ಹೋಗುತ್ತೆ. ಹಳೇ ಜೀಪಿನಲ್ಲಿ ಪಂಪು, ಫ್ಯಾನು ಎರಡನ್ನೂ ಒಂದು ಬೆಲ್ಟು ತಿರುಗಿಸುತ್ತೆ. ಹಿಟ್ಟಿನ ಗಿರಣಿಯ ಬೆಲ್ಟು ನೋಡಿದ್ದೀರಲ್ಲ, ಹಾಗೇ.

ರೇಡಿಯೇಟರಿನ ಮುಚ್ಚಳ ನಮ್ಮ ಕುಕ್ಕರಿನ ಮುಚ್ಚಳ ಇದ್ದಂತೆ. ಒಳಗೆ ಒತ್ತಡ ಹಿಡಿದಿಡುತ್ತೆ. ಒತ್ತಡ ಇದ್ದರೆ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರು ಹಾಳಾದರೆ ನೀರು ಬೇಗ ಕುದಿಯುತ್ತೆ. ಮಡಿಕೇರಿಯಂಥ ಎತ್ತರದ ಊರಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತೆ. ಅದಕ್ಕೇ ಗುಡ್ಡದ ಊರಲ್ಲಿ ಒಳ್ಳೆ ಮುಚ್ಚಳ ಇರಲೇಬೇಕು.

ಟ್ರೇಲರ್ ಕಟ್ಟಿದಾಗಲೇ ಯಾಕೆ?

ತಲೆ ಮೇಲೆ ಒಂದು ಕೊಡ ಹೊತ್ತು ದಿಣ್ಣೆ ಹತ್ತಿದರೆ ಬೆವರುತ್ತೇವೆ. ಎರಡು ಕೊಡ ಹೊತ್ತರೆ ಏದುಸಿರು ಬರುತ್ತೆ. ಎಂಜಿನ್ನಿಗೂ ಹಾಗೇ. ಭಾರ ಹೆಚ್ಚಾದರೆ ಎಣ್ಣೆ ಹೆಚ್ಚು ಉರಿಯುತ್ತೆ, ಬಿಸಿ ಹೆಚ್ಚುತ್ತೆ. ಏರಿನಲ್ಲಿ ಗಾಡಿ ನಿಧಾನ ಹೋಗುವುದರಿಂದ ಎದುರುಗಾಳಿಯೂ ಕಡಿಮೆ. ಖಾಲಿ ಜೀಪಿನಲ್ಲಿ ಅಡಗಿ ಕೂತ ಸಣ್ಣ ದೋಷ ಆಗ ಹೊರಗೆ ಬರುತ್ತೆ.

ದೋಷ ಹುಡುಕುವುದು ಹೇಗೆ?

ಯಾವಾಗ ಬಿಸಿಯಾಗುತ್ತೆ ಅಂತ ಮೊದಲು ಗಮನಿಸಿ.

ನಿಂತಾಗ, ನಿಧಾನ ಹೋಗುವಾಗ ಬಿಸಿಯಾಗಿ, ಓಡುವಾಗ ಸರಿಹೋದರೆ ಗಾಳಿ ಸಾಲದು ಎಂದರ್ಥ. ಬೆಲ್ಟು ಸಡಿಲವೇ? ಫ್ಯಾನಿನ ರೆಕ್ಕೆ ಮುರಿದಿದೆಯೇ? ರೇಡಿಯೇಟರಿನ ಮುಂದೆ ಕೆಸರು, ಹುಲ್ಲು, ಹುಳ ಅಂಟಿದೆಯೇ? ನೋಡಿ.

ಚೆನ್ನಾಗಿ ಓಡುವಾಗಲೂ ಭಾರಕ್ಕೆ ಬಿಸಿಯಾದರೆ ರೇಡಿಯೇಟರ್ ಒಳಗೆ ಕಟ್ಟಿರಬಹುದು. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯಲ್ಲಿ ಬಿಳಿ ಪದರ ಕೂರುತ್ತಲ್ಲ? ಅದೇ ಪದರ ಅಲ್ಲಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತೆ.

ದಿನಾ ನೀರು ಕಡಿಮೆಯಾದರೆ ಸೋರುತ್ತಿರಬಹುದು. ಬೆಳಿಗ್ಗೆ ಗಾಡಿ ಕೆಳಗೆ ನೆಲ ಒದ್ದೆಯೇ ನೋಡಿ. ರಬ್ಬರ್ ಪೈಪು, ಪಂಪು ಮುಟ್ಟಿ ನೋಡಿ.

ಹೊರಗೆ ಎಲ್ಲೂ ಸೋರದೆ ನೀರು ಖಾಲಿಯಾದರೆ ಎಚ್ಚರ! ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ, ಎಂಜಿನ್ ಆಯಿಲಿನಲ್ಲಿ ಹಾಲು ಬೆರೆತಂಥ ಬಣ್ಣ ಕಂಡರೆ ಒಳಗಿನ ಗ್ಯಾಸ್ಕೆಟ್ ಹೋಗಿರಬಹುದು. ಗಾಡಿ ಓಡಿಸಬೇಡಿ. ಮೆಕ್ಯಾನಿಕ್ಕನ್ನು ಕರೆಸಿ.

ಚಕ್ರದ ಹತ್ತಿರ ಸುಟ್ಟ ವಾಸನೆ ಬಂದರೆ ಬ್ರೇಕು ಹಿಡಿದುಕೊಂಡಿದೆ. ಆಗ ಎಂಜಿನ್ ಸುಮ್ಮನೆ ತಿಣುಕುತ್ತೆ.

ದಾರಿಯಲ್ಲಿ ಏನು ಮಾಡಬೇಕು?

ಬಿಸಿ ತೋರಿಸುವ ಮುಳ್ಳು ಏರುತ್ತಿದ್ದರೆ ಗಾಡಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ. ಜೀಪು, ಟ್ರೇಲರ್ ಎರಡರ ಚಕ್ರಕ್ಕೂ ಹಿಂದೆ ಕಲ್ಲು ಕೊಡಿ. ಹಬೆ ಇನ್ನೂ ಬಂದಿಲ್ಲ, ಬೆಲ್ಟು ಸರಿಯಿದೆ ಎಂದರೆ ಎಂಜಿನ್ ಸ್ವಲ್ಪ ಹೊತ್ತು ನಿಧಾನ ತಿರುಗಲಿ. ಫ್ಯಾನು ತಣಿಸುತ್ತೆ. ಹಬೆ ಬಂದರೆ, ನೀರು ಚೆಲ್ಲಿದರೆ, ಬೆಲ್ಟು ಹರಿದರೆ ಕೂಡಲೇ ಆಫ್ ಮಾಡಿ.

ಮುಚ್ಚಳ ಮುಟ್ಟಬೇಡಿ! ಕೂಗುತ್ತಿರುವ ಕುಕ್ಕರ್ ತೆಗೀತೀರಾ? ಇಲ್ಲ ತಾನೇ? ಇದೂ ಹಾಗೇ. ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ. ಪೂರಾ ಆರಿದ ಮೇಲೆ ದಪ್ಪ ಬಟ್ಟೆ ಹಿಡಿದು, ಮುಖ ದೂರ ಇಟ್ಟು, ಸ್ವಲ್ಪವೇ ತಿರುಗಿಸಿ. ಉಳಿದ ಹಬೆ ಹೋದ ಮೇಲೆ ತೆಗೆಯಿರಿ.

ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬಾರದು. ಕಾದ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದರೆ ಸೀಳುತ್ತಲ್ಲ, ಹಾಗೆ ಎಂಜಿನ್ನೂ ಬಿರುಕು ಬಿಡಬಹುದು.

ಮತ್ತೆ ಹೊರಡುವಾಗ ಭಾರ ಇಳಿಸಿ. ಏರಿನಲ್ಲಿ ಕೆಳಗಿನ ಗೇರು ಹಾಕಲು ಹೇಳಿ. ಮೇಲಿನ ಗೇರಿನಲ್ಲಿ ತಿಣುಕಿಸಿದರೆ ಎಂಜಿನ್ ಜೊತೆ ಪಂಪು, ಫ್ಯಾನೂ ನಿಧಾನವಾಗುತ್ತವೆ. ಟ್ರೇಲರ್ ಮೇಲೆ ನಾವಾಗಲಿ ಮಕ್ಕಳಾಗಲಿ ಕೂರುವುದೇ ಬೇಡ. ಅದು ಸಾಮಾನಿಗೆ ಮಾತ್ರ.

ಯಾರಿಗಾದರೂ ಬಿಸಿ ನೀರು ಸಿಡಿದರೆ ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹುಯ್ಯಿರಿ. ಬಳೆ, ಉಂಗುರ ತೆಗೆಯಿರಿ. ಬೆಣ್ಣೆ, ಪೇಸ್ಟು, ಶಾಯಿ ಹಚ್ಚಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಆಸ್ಪತ್ರೆಗೆ ಕರೆದೊಯ್ಯಿರಿ.

ರೇಡಿಯೇಟರಿಗೆ ಹಾಕುವ ಹಸಿರು ಅಥವಾ ಕೆಂಪು ಕೂಲೆಂಟ್ ಒಳ್ಳೆಯದು. ತುಕ್ಕು ತಡೆಯುತ್ತೆ. ಆದರೆ ಅದು ವಿಷ, ರುಚಿ ಸಿಹಿ. ಮಕ್ಕಳು, ನಾಯಿ, ದನ ನೆಕ್ಕದಂತೆ ಎತ್ತಿಡಿ.

ನಮ್ಮ ಅಕ್ಷರ ಇಲ್ಲೂ ಕೆಲಸಕ್ಕೆ ಬರುತ್ತೆ

ಮನೆಯಲ್ಲಿ ಜೀಪು ಇದ್ದರೆ ಒಂದು ನೋಟ್ ಪುಸ್ತಕ ಇಡಿ. ತಾರೀಕು ಬರೆಯಿರಿ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಎಷ್ಟು ಲೀಟರ್ ನೀರು ಹಾಕಿದಿರಿ ಬರೆಯಿರಿ. ಎಷ್ಟು ಮೂಟೆ ಎಳೆಯಿತು, ಎಲ್ಲಿ ಬಿಸಿಯಾಯಿತು ಬರೆಯಿರಿ. ಒಂದು ವಾರದ ಪುಟ ತೋರಿಸಿದರೆ ಮೆಕ್ಯಾನಿಕ್ಕಿಗೆ ದೋಷ ಬೇಗ ಸಿಗುತ್ತೆ. ಬೇಡದ ರಿಪೇರಿ ತಪ್ಪುತ್ತೆ, ನಮ್ಮ ದುಡ್ಡು ಉಳಿಯುತ್ತೆ.